ಅರವತ್ತಮೂರು ಕೂದಲು

ಬೆಳಗ್ಗೆ ಒಂಬತ್ತಕ್ಕೆ ನೋಟಿಸ್ ಬೋರ್ಡಿನ ಮುಂದೆ ನಿಂತ ಹದ್ದಿಗೆ ಪಿತ್ತ ನೆತ್ತಿಗೇರಿತು.

ಹದ್ದು ಎಂದರೆ ರೆಕ್ಕೆಯ ಹದ್ದಲ್ಲ. ತಪಾಸಣೆ ಕೋಣೆಯಲ್ಲಿ ಏಳನೇ ನಂಬರಿನ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂರುವ ಹುಡುಗಿ. ಇಪ್ಪತ್ತಾರು ವರ್ಷ, ಮೋಟು ಮೂಗು, ಅದಕ್ಕಿಂತ ಮೋಟು ತಾಳ್ಮೆ. ಬೇರೆಯವರಿಗೆ ಏನೂ ಕಾಣದ ಕಡೆ ಅವಳಿಗೆ ಗೀರು, ಗುಂಡಿ, ಬಿರುಕು ಎಲ್ಲ ಕಾಣುತ್ತವೆ ಎಂದು ಜೊತೆಯವರು ಇಟ್ಟ ಹೆಸರು ಅದು. ಅಂಥ ಕಣ್ಣಿಗೆ ಬೋರ್ಡಿನ ಮೇಲಿನ ದಪ್ಪಕ್ಷರ ಕಾಣದೆ ಇದ್ದೀತೇ?

"ತಪಾಸಣಾ ನಂಬರ್ ಏಳು ಇವರ ನಿರ್ಲಕ್ಷ್ಯದಿಂದ ಲಾಟ್ ನಲವತ್ತೊಂದರ ಅರವತ್ತಮೂರು ಬಿಡಿಭಾಗಗಳ ಮೇಲೆ ತಲೆಗೂದಲು ಬಿದ್ದಿದ್ದು, ಇವರಿಗೆ ಎಚ್ಚರಿಕೆ ನೀಡಲಾಗಿದೆ. ಎಲ್ಲರೂ ಟೋಪಿಯನ್ನು ಕಿವಿ ಮುಚ್ಚುವಂತೆ ಧರಿಸತಕ್ಕದ್ದು."

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಒಂದೇ ದಿನಕ್ಕೆ ಅರವತ್ಮೂರಾ? ಎಣ್ಣೆ ಬದಲಾಯಿಸೇ ತಾಯಿ!"

ಹದ್ದು ಟೋಪಿ ಕಿತ್ತು ಹಿಂದಕ್ಕೆ ತಿರುಗಿದಳು. ನಗು ನಿಂತಿತು. ದಿನಕ್ಕೆ ಎಂಟು ಗಂಟೆ ಟೋಪಿಯೊಳಗೆ ತಲೆ ತುರಿಸುತ್ತದೆಂದು ಎರಡು ತಿಂಗಳ ಹಿಂದೆಯೇ ಅವಳು ಕ್ಷೌರದಂಗಡಿಗೆ ಹೋಗಿ ಮಿಷಿನ್ ಹಾಕಿಸಿಕೊಂಡು ಬಂದಿದ್ದಳು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಅವಳ ತಲೆಯಲ್ಲಿರುವ ಅತಿ ಉದ್ದದ ಕೂದಲು ಅರ್ಧ ಅಕ್ಕಿಕಾಳಿನಷ್ಟು.

"ಉದುರ್ಸೋಕೆ ಇಲ್ಲೇನಿದೆ? ಎಲ್ರೂ ಸರಿಯಾಗಿ ನೋಡ್ಕೊಳ್ಳಿ," ಎಂದಳು.

ಅವಳು ಬೋರ್ಡಿಗೆ ತಿರುಗಿದಳು. ಇನ್ನೊಮ್ಮೆ ನೋಟಿಸ್ ಓದಿದಳು. ಅರವತ್ತಮೂರು. ಈ ಲೆಕ್ಕ ತನ್ನದೇ. ನಿನ್ನೆ ಸಂಜೆ ತಾನೇ ಬರೆದದ್ದು. 'ತಲೆಗೂದಲು' ಎಂಬ ಪದದ ಮೇಲೆ ಅವಳ ಬೆರಳು ನಿಂತಿತು.

ಈ ಕಾರ್ಖಾನೆಯ ಸಾಮಾನು ನೋಡಲು ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಎಲ್ಲಿದೆ?" ಅಂಗೈ ಮೇಲಿಟ್ಟರೂ ಕಾಣುವುದಿಲ್ಲ, ಜೋರಾಗಿ ಉಸಿರು ಬಿಟ್ಟರೆ ಇರುವುದಿಲ್ಲ. ಸಾಸಿವೆ ಕಾಳಿಗಿಂತ ಸಣ್ಣ ಸ್ಟೀಲಿನ ತುಂಡು. ಗುಂಡು ತಲೆ, ಕೆಳಗೆ ತೆಳ್ಳನೆಯ ಕತ್ತು, ಕತ್ತಿನೊಳಗೊಂದು ತೂತು. ಕಾಗದದಲ್ಲಿ ಅದಕ್ಕೆ ಹನ್ನೊಂದು ಅಂಕಿಯ ಹೆಸರು, ಕೆಲಸದವರ ಬಾಯಲ್ಲಿ 'ಮೂಗುತಿ'. ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತು ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ತಳ್ಳುವ ಪಂಪಿನ ಗಂಟಲಲ್ಲಿ ಈ ಮೂಗುತಿ ಕೂರುತ್ತದೆ. ಇದರ ಕತ್ತು ಬಿರಿದರೆ ಇಡೀ ದಿನ ಹೋಗಬೇಕಾದ ಔಷಧಿ ಒಂದೇ ಉಸಿರಿಗೆ ಒಳನುಗ್ಗುತ್ತದೆ. ಆಮೇಲೆ ಬೈಸಿಕೊಳ್ಳಲು ಪಂಪು ಇರುತ್ತದೆ, ಬೈಯಲು ರೋಗಿ ಇರುವುದಿಲ್ಲ.

ತಪಾಸಣೆ ಕೋಣೆಗೆ ತನ್ನದೇ ಭಾಷೆ. ಬಟ್ಟೆಯ ನೂಲು, ಧೂಳು, ನಿಜವಾದ ತಲೆಗೂದಲು, ಊದಿದರೆ ಹೋಗುವಂಥದ್ದಕ್ಕೆಲ್ಲ ಅಲ್ಲಿ 'ಎಳೆ' ಎನ್ನುತ್ತಾರೆ. 'ಕೂದಲು' ಎಂದರೆ ಊದಿದರೂ ತೊಳೆದರೂ ಹೋಗದ್ದು: ಲೋಹದ ಬಿರುಕು. ನೆಟ್ಟಗೆ ಮೇಲಿನಿಂದ ಬೆಳಕು ಬಿಟ್ಟರೆ ಅದು ಇಲ್ಲವೇ ಇಲ್ಲ. ಮೇಲಿನ ದೀಪ ಆರಿಸಿ, ಪಕ್ಕದ ದೀಪವನ್ನು ಮೇಜಿಗೆ ತಾಗುವಷ್ಟು ಬಗ್ಗಿಸಿ, ಮೂಗುತಿಯನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಬೇಕು. ಆಗ ಒಂದೇ ಒಂದು ಕ್ಷಣ ಕತ್ತಿನ ಮೇಲೆ ಕಪ್ಪು ಕೂದಲೊಂದು ಮಲಗಿದಂತೆ ಕಂಡು ಮಾಯವಾಗುತ್ತದೆ. ರೆಪ್ಪೆ ಬಡಿದವರಿಗೆ ಸಿಗುವುದಿಲ್ಲ. ಈ ಮಾತುಗಳು ಎಲ್ಲೂ ಬರೆದಿಟ್ಟದ್ದಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬಂದವು. ಹಾಗಾಗಿಯೇ ಹದ್ದು ನಿನ್ನೆ ಎಂದಿನಂತೆ ಚೀಟಿ ಬರೆದಳು: "ಲಾಟ್ 41. ಕೂದಲು. 63." ಆ ಅರವತ್ತಮೂರನ್ನು ಕೆಂಪು ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಮನೆಗೆ ಹೋದಳು.

ಚೀಟಿ ಓದಿದವನು ತಂಬಿಗೆ.

ತಂಬಿಗೆ ಎಂದರೆ ಗುಣಮಟ್ಟ ವಿಭಾಗದ ಹೊಸ ಇನ್‌ಚಾರ್ಜ್. ತಲೆ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾಗೆ ಹೊಳೆಯುತ್ತದೆ, ಹಾಗಾಗಿ ಆ ಹೆಸರು. ಬಂದು ಮೂರು ವಾರ. ಮೊದಲು ಬಿಸ್ಕತ್ತು ಕಾರ್ಖಾನೆಯಲ್ಲಿದ್ದ. ಅಲ್ಲಿ ಕೂದಲು ಎಂದರೆ ಕೂದಲೇ.

ಹದ್ದು ನೋಟಿಸ್ ಬಿಟ್ಟು ತೊಳೆಯುವ ಕೋಣೆಗೆ ಓಡಿದಳು. ಅಲ್ಲಿ ಝುಂಯ್‌ಗುಡುವ ನೀರಿನ ತೊಟ್ಟಿಯ ಮುಂದೆ ತೊಟ್ಟಿ ಮಾವ ನಿಂತಿದ್ದ. ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ. ಹದಿನೆಂಟು ವರ್ಷದಿಂದ ಬಿಡಿಭಾಗ ತೊಳೆಯುವವನು.

"ಮಾವ, ನನ್ನ ಕೆಂಪು ಡಬ್ಬಿ ಎಲ್ಲಿ?"

"ಅದಾ? ತೊಳ್ದೆ. ಎರಡು ಸಲ ತೊಳ್ದೆ, ಗಾಳಿ ಹೊಡ್ದೆ. ಫಳಫಳ ಅಂತಿತ್ತು, ಸೀರೆ ಉಡ್ಸಿದ್ರೆ ಮದುವೆ ಮಾಡ್ಬೋದಿತ್ತು."

"ತೊಳೆದ್ಯಾ? ಕೂದ್ಲು ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ವಾ ಮಾವ?"

ಮಾವನ ಮುಖದ ನಗು ಇಳಿಯಿತು. "ಗೊತ್ತು ಕಣವ್ವ. ಹೇಳ್ದೆ. 'ಸರ್, ಇದು ತೊಳೆದ್ರೆ ಹೋಗೋ ಕೂದ್ಲಲ್ಲ' ಅಂದೆ. 'ನೀನು ತೊಳೆಯೋನಾ, ಇನ್‌ಚಾರ್ಜಾ?' ಅಂದ್ರು. ತೊಳೆಯೋನು ಸರ್, ಅಂದೆ. ತೊಳ್ದೆ."

"ಆಮೇಲೆ?"

"ಆಮೇಲೆ ದೊಡ್ಡ ದೀಪ ಹಾಕ್ಕೊಂಡು ನೋಡಿದ್ರು. 'ಒಂದು ಕೂದ್ಲೂ ಇಲ್ಲ, ನೋಡಿದ್ಯಾ ನನ್ ಕೆಲ್ಸ' ಅಂದ್ರು. ಒಳ್ಳೇದ್ರ ಜೊತೆ ಸೇರ್ಸಿ, ಡಬ್ಬಿ ಕಟ್ಟಿ, ಸೀಲ್ ಹೊಡ್ಸಿದ್ರು. ಮುದ್ರೆ ನಿಂದೇ, ಏಳು. ಹತ್ತು ಗಂಟೆ ವ್ಯಾನಿಗೆ ಹೋಗತ್ತೆ."

ಸಾವಿರದ ಇನ್ನೂರು ಮೂಗುತಿ. ಅದರೊಳಗೆ ಅರವತ್ತಮೂರು ಬಿರಿದವು, ಸ್ನಾನ ಮಾಡಿ, ಒಳ್ಳೆಯವರ ಪಕ್ಕ ಒಳ್ಳೆಯವರ ಹಾಗೆ ಕೂತಿವೆ. ಮೇಲೆ ಅವಳ ನಂಬರು. ಗಡಿಯಾರದಲ್ಲಿ ಒಂಬತ್ತೂಕಾಲು.

ತಂಬಿಗೆ ಗಾಜಿನ ಕೋಣೆಯಲ್ಲಿ ಕೂತು ಟೀ ಆರಿಸಿಕೊಳ್ಳುತ್ತಿದ್ದ. ಹದ್ದು ಬಾಗಿಲು ತಟ್ಟಲಿಲ್ಲ.

"ನೋಡಮ್ಮ, ನೋಟಿಸ್ ವಿಷಯ ಆದ್ರೆ ಮಾತೇ ಬೇಡ," ಅವನು ತಲೆ ಎತ್ತದೆ ಹೇಳಿದ. "ಸ್ವಚ್ಛತೆ ಅಂತ ಬಂದ್ರೆ ನಾನು ನಮ್ಮಪ್ಪನ ಮಾತೂ ಕೇಳಲ್ಲ."

"ಸರ್, ಕೂದ್ಲು ಅಂದ್ರೆ ಕೂದ್ಲಲ್ಲ."

"ಮತ್ತಿನ್ನೇನು, ಬಾಳೆಹಣ್ಣಾ?"

ಅವಳು ಹೇಳಿದಳು. ಎಳೆ ಯಾವುದು, ಕೂದಲು ಯಾವುದು, ಮೇಲಿನ ಬೆಳಕು ಏನನ್ನು ಮುಚ್ಚುತ್ತದೆ, ಪಕ್ಕದ ಬೆಳಕು ಏನನ್ನು ಬಿಚ್ಚುತ್ತದೆ, ಎಲ್ಲ. ಹೇಳುತ್ತಿದ್ದಂತೆ ಅವನ ನೆತ್ತಿಯ ಮೇಲೆ ಬೆವರಿನ ಹನಿಯೊಂದು ಹುಟ್ಟಿ, ದಾರಿ ಹುಡುಕಿಕೊಂಡು ಕಿವಿಯ ಕಡೆ ಇಳಿದದ್ದು ಅವಳಿಗೆ ಕಂಡಿತು. ಅರ್ಥವಾಗಿದೆ. ಈಗ ಫೋನ್ ಎತ್ತುತ್ತಾನೆ, ವ್ಯಾನ್ ನಿಲ್ಲಿಸುತ್ತಾನೆ ಎಂದುಕೊಂಡಳು. ಅವನು ಕರವಸ್ತ್ರ ಎತ್ತಿ ತಲೆ ಒರೆಸಿಕೊಂಡ.

"ನೀನು ಬರ್ದಿದ್ದು ಕೂದಲು. ನಾನು ತೆಗ್ಸಿದ್ದು ಕೂದಲು. ಕಾಗದದಲ್ಲಿ ಎಲ್ಲಾ ಸರಿಯಾಗಿದೆಯಲ್ಲಮ್ಮ."

"ರೋಗಿಗೆ ಕಾಗದ ಚುಚ್ತೀರಾ ಸರ್?"

"ದನಿ ಇಳ್ಸು. ಈಗ ಸೀಲ್ ಒಡೆದ್ರೆ ಯಾಕೆ ಅಂತ ಮೇಡಂ ಕೇಳ್ತಾರೆ. ಮೂರು ವಾರಕ್ಕೇ ನಾನು ಏನಂತ ಹೇಳ್ಲಿ? ಒಂದು ಕೆಲ್ಸ ಮಾಡೋಣ. ನೋಟಿಸ್ ತೆಗಿಸ್ತೀನಿ. ನೀನು ಚೀಟಿ ಮರ್ತುಬಿಡು. ಜಾಣೆ ಅಲ್ವಾ ನೀನು, ಪುಟ್ಟಾ?"

ನೋಟಿಸ್ ಹಾಕಿದ್ದನ್ನು ನುಂಗಿಕೊಳ್ಳಬಹುದಿತ್ತು. ಆ 'ಪುಟ್ಟಾ' ಗಂಟಲಲ್ಲಿ ಇಳಿಯಲಿಲ್ಲ.

"ಏಳು ಅಂದ್ರೆ ನಾನು ಸರ್. ಇದ್ರಿಂದ ಯಾರಾದ್ರೂ ಸತ್ರೆ, ಡಬ್ಬಿ ಮೇಲೆ ನಿಮ್ಮ ತಂ..." ನಾಲಿಗೆ ತುದಿಗೆ ಬಂದ ತಂಬಿಗೆಯನ್ನು ಹಲ್ಲಲ್ಲಿ ತಡೆದಳು. "ನಿಮ್ಮ ತಲೆ ಇರಲ್ಲ. ನನ್ನ ನಂಬರಿರತ್ತೆ."

"ಹೋಗಿ ನಿನ್ ಜಾಗದಲ್ಲಿ ಕೂತ್ಕೋ."

ಅವಳು ಹೋದಳು. ಆದರೆ ಜಾಗಕ್ಕಲ್ಲ, ಅಂಗಳಕ್ಕೆ.

ಅಂಗಳದಲ್ಲಿ ವ್ಯಾನ್ ಹೊಗೆ ಬಿಡುತ್ತ ನಿಂತಿತ್ತು. ಸ್ಟೀರಿಂಗ್ ಹಿಂದೆ ಕೂತವನು ಅವಳ ಸ್ವಂತ ಅಣ್ಣ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅಮ್ಮ, ಅವನು, ಇವಳು. ಕೆಳಗೆ ಟೈರಿಗೆ ಗಾಳಿ ಹೊಡೆದರೆ ಮೇಲೆ ಲೋಟ ನಡುಗುವ ಮನೆ. ಅಣ್ಣನಿಗೆ ಉಪ್ಪು ಬೇಕಾದರೂ ಡೈಲಾಗ್ ಹೊಡೆದೇ ಕೇಳಬೇಕು. ಕೆಲಸ ಮಾತ್ರ ಸಿನಿಮಾದಷ್ಟು ಗಟ್ಟಿಯಿಲ್ಲ: ಮಾಲು ತಡವಾಗಿ ಮುಟ್ಟಿಸಿದ್ದಕ್ಕೆ ಎರಡು ಮೆಮೊ ಆಗಿವೆ, ಮೂರನೆಯದು ಬಂದರೆ ಮನೆ ದಾರಿ.

"ಬಾರಮ್ಮ ಬಾ, ಅರವತ್ಮೂರು ಕೂದಲಿನ ಮಹಾರಾಣಿ!"

"ಅಣ್ಣ, ಇಂಜಿನ್ ಆಫ್ ಮಾಡು."

"ಈ ಅಣ್ಣ ಒಂದ್ಸಲ ಕೀ ತಿರುಗ್ಸಿದ್ರೆ, ಯಮ ಬಂದು ಅಡ್ಡ ನಿಂತ್ರೂ ಹಾರ್ನ್ ಹೊಡೀತಾನೇ ಹೊರತು ಬ್ರೇಕ್ ಹೊಡೆಯಲ್ಲ!"

"ಯಮ ಅಡ್ಡ ನಿಂತಿಲ್ಲ ಕಣೋ, ಹಿಂದಿನ ಡಬ್ಬೀಲಿ ಕೂತಿದಾನೆ. ಬಿರುಕು ಬಿಟ್ಟ ಪೀಸು, ಅರವತ್ಮೂರು. ತೊಳೆದು ಒಳಗೆ ಸೇರ್ಸಿದಾರೆ. ಮೇಲೆ ನನ್ನ ಮುದ್ರೆ. ಆಫ್ ಮಾಡು!"

ಅಣ್ಣ ಅವಳ ಮುಖ ನೋಡಿದ. ಕೀ ತಿರುಗಿಸಿದ. ಇಂಜಿನ್ ಸತ್ತಿತು, ಜೊತೆಗೆ ಅವನ ಡೈಲಾಗೂ.

"ತಂಬಿಗೆಗೆ ಹೇಳಿದ್ಯಾ?"

"ಹೇಳ್ದೆ. ಮರ್ತುಬಿಡು ಅಂದ."

"ಹಂಗಾದ್ರೆ ನಾನೇನು ಮಾಡ್ಲಿ? ಮಾಲು ಇಳಿಸ್ಬೇಕು ಅಂದ್ರೂ ಅವನದೇ ಸಹಿ ಬೇಕು. ಹತ್ತಕ್ಕೆ ಗೇಟ್ ದಾಟ್ಲಿಲ್ಲ ಅಂದ್ರೆ ನನಗೆ ಮೂರನೇದು ಬರತ್ತೆ. ನೀನೂ ನಾನೂ ಇಬ್ರೂ ಮನೇಲಿ ಕೂತ್ರೆ ಅಮ್ಮ ಏನು ಟೈರ್ ಬೇಯ್ಸಿ ಹಾಕ್ತಾಳಾ?"

"ಇಳಿಸೋದು ಬೇಡ. ಹಿಂದಿನ ಬಾಗ್ಲು ತೆಗಿ ಸಾಕು."

"ಯಾಕೆ?"

"ತೆಗಿ ಅಂದ್ನಲ್ಲ!"

ಬಾಗಿಲು ತೆಗೆದ. ಡಬ್ಬಿ ಬಿಳಿಯದು, ಒಂದು ಪುಟ್ಟ ಸೂಟ್‌ಕೇಸಿನಷ್ಟು. ಮುಚ್ಚಳದ ಮೇಲೆ ಕೆಂಪಕ್ಷರದಲ್ಲಿ ಕಂಪನಿಯೇ ಬರೆಸಿದ ನಿಯಮ: "ಸ್ವಚ್ಛ ಕೋಣೆಯ ಹೊರಗೆ ಸೀಲ್ ತೆರೆದರೆ ಇಡೀ ಲಾಟ್ ಮರುತಪಾಸಣೆಗೆ." ದಿನಾ ನೋಡುವ ಸಾಲು. ಯಾರೂ ಓದದ ಸಾಲು. ಅಣ್ಣ ಓದಿದ, ತಂಗಿಯನ್ನು ನೋಡಿದ, ಮತ್ತೆ ಓದಿದ.

"ಬೇಡ ಕಣೇ. ಕೆಲ್ಸ ಹೋಗತ್ತೆ."

"ಹೋಗ್ಲಿ."

"ನಂದೂ ಹೋಗತ್ತೆ ಕಣೇ ಕತ್ತೆ!"

ಅವಳ ಕೈ ಒಂದು ಗಳಿಗೆ ನಿಂತಿತು. ಆ ಮಾತು ಸುಳ್ಳಲ್ಲ. ಅಣ್ಣನ ಕಣ್ಣಲ್ಲಿ ಹೆದರಿಕೆ ಕಂಡದ್ದು ಅವಳಿಗೆ ಹೊಸದು. ಅದನ್ನು ಕಂಡು ತಂಬಿಗೆಯ ಮೇಲಿನ ಸಿಟ್ಟು ದುಪ್ಪಟ್ಟಾಯಿತು. ತಪ್ಪು ಮಾಡಿದವನು ಟೀ ಆರಿಸಿಕೊಂಡು ಕುಡಿಯುತ್ತಿದ್ದಾನೆ, ಇಲ್ಲಿ ಅಣ್ಣ ತಂಗಿ ಒಬ್ಬರ ಅನ್ನ ಒಬ್ಬರು ಕಿತ್ತುಕೊಳ್ಳಬೇಕು. ಅವಳು ಜೇಬಿನಿಂದ ಚಿಮಟ ತೆಗೆದು ಸೀಲಿನ ಪಟ್ಟಿಗೆ ಚುಚ್ಚಿ ಎಳೆದಳು. ಪಟ್ಟಿ ಪರ್ರೆಂದು ಹರಿಯಿತು. ಮುಚ್ಚಳ ಎತ್ತಿ ಹಿಂದಕ್ಕೆ ಮಡಚಿದಳು.

ಸಿನಿಮಾ ಆಗಿದ್ದರೆ ಇಲ್ಲಿ ಬಿರುಗಾಳಿ ಎದ್ದು ಡೋಲು ಬಾರಿಸಬೇಕಿತ್ತು. ವಾಚ್‌ಮನ್ ಕೆಮ್ಮಿದ, ಆಮೇಲೆ ಸೀಟಿ ಊದಿದ.

ಐದು ನಿಮಿಷದಲ್ಲಿ ಅಂಗಳ ತುಂಬಿತು. ತಂಬಿಗೆ ಓಡಿ ಬಂದ. ಅವನ ಹಿಂದೆ ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಮೇಡಂ ಬಂದರು. ಕಾರ್ಖಾನೆ ಅವರದೇ. ಹೆಚ್ಚು ಮಾತಿನವರಲ್ಲ, ಅವರು ಸುಮ್ಮನಿದ್ದರೇ ಎದುರಿನವರು ಎಲ್ಲ ಒಪ್ಪಿಕೊಂಡುಬಿಡುತ್ತಾರೆ.

"ಯಾರು ತೆಗೆದಿದ್ದು?"

"ನಾನೇ ಮೇಡಂ!" ಅಣ್ಣ ಎದೆ ಉಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದ. "ಶಿಕ್ಷೆ ಏನಿದ್ರೂ ಈ ಎದೆಗೆ ಕೊಡಿ."

"ಲೋ, ಹೀರೋ ಆಗ್ಬೇಡ ಸುಮ್ನಿರೋ!" ಹದ್ದು ಅವನ ತೋಳು ಹಿಡಿದು ಹಿಂದಕ್ಕೆಳೆದಳು. "ನಾನು ತೆಗೆದಿದ್ದು ಮೇಡಂ. ಅವನು ಬೇಡ ಅಂದ. ನನ್ನ ಕೈಯಲ್ಲಿ ಚಿಮಟ ಇದೆ, ನೋಡಿ."

"ನೋಟಿಸ್ ಹಾಕಿದ್ದಕ್ಕೆ ಸೇಡು ಮೇಡಂ ಇದು," ತಂಬಿಗೆ ಏದುಸಿರಲ್ಲಿ ಹೇಳಿದ. "ಅರವತ್ಮೂರನ್ನೂ ನಾನೇ ನೋಡಿದೀನಿ, ಒಂದ್ರಲ್ಲೂ ಏನೂ ಇಲ್ಲ."

"ನೀವು ನೋಡಿದ್ದು ಕೂದ್ಲಿದೆಯಾ ಅಂತ. ನಾನು ಹೇಳ್ತಿರೋದು ಕತ್ತು ಬಿರಿದಿದೆ ಅಂತ. ತೊಟ್ಟಿ ಮಾವ ನಿನ್ನೇನೇ ಹೇಳಿದಾನೆ ಇವರಿಗೆ. ನಾನು ಇವತ್ತು ಹೇಳಿದೀನಿ. ಇವರು ಕರವಸ್ತ್ರದಲ್ಲಿ ತಲೆ ಒರೆಸ್ಕೊಂಡ್ರು ಮೇಡಂ!"

ಮೇಡಂ ಡಬ್ಬಿಯ ಕಡೆ ನೋಡಿದರು. "ತೋರಿಸು."

ತಪಾಸಣೆ ಕೋಣೆಯಲ್ಲಿ ಹದ್ದು ಮೇಲಿನ ದೀಪ ಆರಿಸಿದಳು. ಪಕ್ಕದ ದೀಪ ಬಗ್ಗಿಸಿದಳು. ಮೇಡಂ ನೋಡಲು ಎರಡನೇ ಕಣ್ಣುಕೊಳವೆ ಇತ್ತು. ಮೊದಲ ಟ್ರೇಯಿಂದ ಒಂದೊಂದೇ ಎತ್ತಿ ತಿರುಗಿಸಿದಳು. ಒಂದು. ಎರಡು. ಐದು. ಎಲ್ಲ ಗಟ್ಟಿಮುಟ್ಟು. ಹತ್ತು. ಹದಿನೈದು. ಹಿಂದೆ ತಂಬಿಗೆಯ ಶೂಸು ಕಿರ್‌ಗುಟ್ಟಿತು. ಇಪ್ಪತ್ತು. "ನಾನು ಹೇಳ್ಲಿಲ್ವಾ ಮೇಡಂ," ಎಂದ. ಅವಳ ಕುತ್ತಿಗೆಯ ನರ ಬಿಗಿದಿತ್ತು, ಆದರೆ ಚಿಮಟ ಹಿಡಿದ ಬೆರಳು ಅಲುಗಲಿಲ್ಲ. ಸಿಟ್ಟು ಎಷ್ಟಿದ್ದರೂ ಬೆರಳಿಗೆ ಇಳಿಯಬಾರದು. ಈ ಕೆಲಸದಲ್ಲಿ ಮೊದಲು ಕಲಿಯುವುದು ಅದನ್ನೇ.

ಇಪ್ಪತ್ತೆರಡನೆಯದು ತಿರುಗಿತು.

"ಹಾಂ," ಎಂದರು ಮೇಡಂ. "ಇನ್ನೊಂದ್ಸಲ ತಿರುಗ್ಸು."

ತಿರುಗಿಸಿದಳು. ಕಪ್ಪು ಗೆರೆ ಬಂತು, ಹೋಯಿತು.

ಮೇಡಂ ಕಣ್ಣು ತೆಗೆದು ತಂಬಿಗೆಗೆ ಜಾಗ ಬಿಟ್ಟರು. ಅವನು ಬಗ್ಗಿ ನೋಡಿದ, ತುಂಬ ಹೊತ್ತು ನೋಡಿದ. ಎದ್ದಾಗ ಹೇಳಿದ್ದಿಷ್ಟು: "ಬಿರುಕು ಅಂತ ಬರೀಬೇಕಿತ್ತು. ಕೂದಲು ಅಂತ ಬರೆದ್ರೆ ಯಾರಿಗೆ ಅರ್ಥ ಆಗತ್ತೆ?"

"ಬೆಳಗ್ಗೆ ಅರ್ಥ ಆಯ್ತಲ್ಲ ಸರ್. ಆಮೇಲೆ ಏನು ಮಾಡಿದ್ರಿ?"

ಅವನು ಮತ್ತೆ ಕರವಸ್ತ್ರಕ್ಕೆ ಕೈ ಹಾಕಿದ. ಮೇಡಂ ತೀರ್ಪು ಕೊಟ್ಟರು, ನಿಂತ ನಿಲುವಿನಲ್ಲೇ. ನೋಟಿಸ್ ತೆಗೆಯಬೇಕು. ನಾಳೆಯಿಂದ ಚೀಟಿಯಲ್ಲಿ ಎಳೆ, ಕೂದಲು ಏನೂ ಇಲ್ಲ, ದೋಷಕ್ಕೊಂದು ಅಂಕಿ. ಡ್ರೈವರದು ತಪ್ಪಿಲ್ಲ. ಇನ್‌ಚಾರ್ಜ್ ಅವರು ಇನ್ನು ಮುಂದೆ ಗಮನವಿಟ್ಟು ಕೆಲಸ ಮಾಡಬೇಕು. ನಂಬರ್ ಏಳು, ಅಂಗಳದಲ್ಲಿ ಸೀಲ್ ಒಡೆದದ್ದಕ್ಕೆ ಮೂರು ದಿನ ಅಮಾನತು.

"ಇವರಿಗೆ ಗಮನ, ನನಗೆ ಅಮಾನತಾ?" ಹದ್ದಿನ ದನಿ ಕೋಣೆಯ ಗಾಜಿಗೆ ಬಡಿಯಿತು.

"ನಿಯಮ ಅಂದ್ರೆ ನಿಯಮ. ನನ್ನ ಹತ್ರ ಬರ್ಬೋದಿತ್ತು ನೀನು."

"ನಿಮ್ಮ ಕೋಣೆಗೆ ಬರೋಕೂ ಇವರ ಚೀಟಿ ಬೇಕು ಮೇಡಂ!"

ಮೇಡಂ ತಂಬಿಗೆಯ ಕಡೆ ನೋಡಿದರು. ಆದರೂ ಮಾತು ಬದಲಿಸಲಿಲ್ಲ. ಕನ್ನಡಕ ಮತ್ತೆ ನೆತ್ತಿಗೆ ಹೋಯಿತು. ತಂಬಿಗೆ ತಗ್ಗಿದ ದನಿಯಲ್ಲಿ, "ಬ್ಯಾಗ್ ತಗೊಂಡು ಹೊರಡಮ್ಮ," ಎಂದ.

"ಅಮಾನತು ನಾಳೆಯಿಂದ ತಗೋತೀನಿ," ಹದ್ದು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. "ಇವತ್ತು ಈ ಲಾಟ್ ನಂದು. ಸಾವಿರದ ಇನ್ನೂರೂ ತೊಳೆದು ತನ್ನಿ. ಅರವತ್ಮೂರೂ ಸಿಗೋವರೆಗೆ ಯಾರೂ ಈ ಕುರ್ಚಿ ಮುಟ್ಟಂಗಿಲ್ಲ."

ಮೇಡಂ ಬಾಗಿಲಲ್ಲೇ ತಿರುಗಿ ತಲೆಯಾಡಿಸಿದರು. "ಎಣ್ಸಿಕೊಳ್ಳಿ," ಎಂದು ತಂಬಿಗೆಗೆ ಹೇಳಿ ಹೋದರು. ಹಾಗಾಗಿ ತಂಬಿಗೆ ಒಂದು ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಹಾಳೆ ಇಟ್ಟುಕೊಂಡು, ಅವಳ ಪಕ್ಕ ಕೂರಬೇಕಾಯಿತು.

ತೊಟ್ಟಿ ಮಾವ ತೊಳೆದ ಟ್ರೇಗಳನ್ನು ತಂದಿಡುತ್ತ ಹೋದ. ಹನ್ನೆರಡು ಟ್ರೇ, ಟ್ರೇಗೆ ನೂರು. ಅವಳು ಊಟಕ್ಕೆ ಏಳಲಿಲ್ಲ. ಸಿಕ್ಕಿದಾಗೆಲ್ಲ ಒಂದೇ ಪದ, "ಬರ್ಕೊಳ್ಳಿ", ಅವನು ಗೆರೆ ಎಳೆಯಬೇಕು. ಮಧ್ಯಾಹ್ನಕ್ಕೆ ಹತ್ತೊಂಬತ್ತು. ಮೂರು ಗಂಟೆಗೆ ಮೂವತ್ತೆಂಟು. ಐದರ ಹೊತ್ತಿಗೆ ಕಣ್ಣು ಕೆಂಡವಾಗಿತ್ತು. ಬೆನ್ನು ಹಿಡಿದುಕೊಂಡಿತ್ತು. ಹನ್ನೊಂದನೇ ಟ್ರೇಯ ಕೊನೆಯ ಸಾಲಿನಲ್ಲಿ ಅರವತ್ತಮೂರನೆಯದು ಸಿಕ್ಕಿತು.

ತಂಬಿಗೆ ಹಾಳೆ ಮಡಚಿ ಎದ್ದ. "ಅಬ್ಬಾ, ಮುಗೀತು. ಕೊನೇ ಟ್ರೇ ಹಾಗೇ ಕಟ್ಸಿಬಿಡೋಣ."

"ಕೂತ್ಕೊಳ್ಳಿ ಸರ್."

"ಲೆಕ್ಕ ಸಿಕ್ತಲ್ಲಮ್ಮ!"

"ಬಿಸ್ಕತ್ತಲ್ಲ ಇದು. ಕೂತ್ಕೊಳ್ಳಿ."

ಕೂತ. ಅವಳು ಹನ್ನೆರಡನೇ ಟ್ರೇ ಹತ್ತಿರಕ್ಕೆಳೆದಳು. ಹತ್ತು, ಇಪ್ಪತ್ತು, ನಲವತ್ತು. ಎಲ್ಲ ಸರಿ. ಎಪ್ಪತ್ತೊಂದನೆಯದನ್ನು ಎತ್ತಿ ತಿರುಗಿಸಿದಳು, ಚಿಮಟ ನಿಂತಿತು. ಮತ್ತೆ ತಿರುಗಿಸಿದಳು. ದೀಪವನ್ನು ಇನ್ನೂ ತಗ್ಗಿಸಿ ಮೂರನೇ ಸಲ ತಿರುಗಿಸಿದಳು. ಕತ್ತಿನ ಬುಡದಲ್ಲಿ, ಉಳಿದವಕ್ಕಿಂತ ಗಿಡ್ಡಗೆ, ಉಳಿದವಷ್ಟೇ ಕಪ್ಪಗೆ.

ನಿನ್ನೆ ಇದು ಇದೇ ಕಣ್ಣ ಕೆಳಗೆ ಹೀಗೇ ತಿರುಗಿತ್ತು. ಈ ಕಣ್ಣೇ ಇದನ್ನು ಒಳ್ಳೆಯ ಟ್ರೇಗೆ ಹಾಕಿತ್ತು. ತಂಬಿಗೆ ಚೀಟಿಯನ್ನು ಸರಿಯಾಗಿ ಓದಿದ್ದರೆ ಅರವತ್ತಮೂರು ಗುಜರಿಗೆ ಹೋಗುತ್ತಿದ್ದವು, ಡಬ್ಬಿ ಹತ್ತು ಗಂಟೆಗೆ ಗೇಟು ದಾಟುತ್ತಿತ್ತು, ಅದರೊಳಗೆ ಏಳನೇ ನಂಬರಿನ ಮುದ್ರೆ ಹಾಕಿಸಿಕೊಂಡು ಇದೊಂದು ಯಾರದೋ ಹಾಸಿಗೆ ಪಕ್ಕಕ್ಕೆ ಹೋಗಿ ಕೂರುತ್ತಿತ್ತು. ಬೆಳಗ್ಗಿನಿಂದ ಊರವರ ಮೇಲೆಲ್ಲ ಹರಿದ ಸಿಟ್ಟು ಒಮ್ಮೆಲೇ ದಾರಿ ತಿರುಗಿಸಿ ಮನೆಗೆ ಬಂತು. ಅವಳು ತುಟಿ ಕಚ್ಚಿದಳು, ಉಪ್ಪುಪ್ಪಾಯಿತು.

ಯಾರೂ ನೋಡಿರಲಿಲ್ಲ. ತಂಬಿಗೆ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ.

"ಅರವತ್ನಾಲ್ಕು," ಎಂದಳು ಜೋರಾಗಿ. "ಬರ್ಕೊಳ್ಳಿ."

ಬೀಸುತ್ತಿದ್ದ ಹಾಳೆ ನಿಂತಿತು. ಅವನ ಮುಖದ ಮೇಲೆ ನಗು ಮೆಲ್ಲಗೆ ಹರಡಿತು, ದೋಸೆ ಹೆಂಚಿನ ಮೇಲೆ ಎಣ್ಣೆ ಹರಡಿದ ಹಾಗೆ. "ನೀನು ಬರ್ದಿದ್ದು ಅರವತ್ಮೂರಲ್ವಾ? ಮತ್ತೆ ಇದು ಯಾರ ತಪ್ಪು?"

"ನಂದು."

"ಹಾಗಂತಾನೇ ಬರೀಲಾ?"

"ದೊಡ್ಡಕ್ಷರದಲ್ಲಿ ಬರೀರಿ. ಕೆಳಗೆ ಸಹಿ ಹಾಕ್ತೀನಿ."

ಇಷ್ಟು ಸುಲಭವಾಗಿ ಸಿಗುತ್ತದೆಂದು ಅವನು ಎಣಿಸಿರಲಿಲ್ಲ. ಪೆನ್ನು ಹಾಳೆಯ ಮೇಲೆಯೇ ಉಳಿಯಿತು. ಅವಳು ಉಳಿದ ಇಪ್ಪತ್ತೊಂಬತ್ತನ್ನೂ ನೋಡಿ ಮುಗಿಸಿದಳು. ಕುರ್ಚಿಯಿಂದ ಏಳಲಿಲ್ಲ. ಕಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಹತ್ತರವರೆಗೆ ಎಣಿಸಿ ಬಿಟ್ಟಳು.

"ಮಾವ!" ತೊಳೆಯುವ ಕೋಣೆಯ ಕಡೆಗೆ ಕೂಗಿದಳು. "ಮೊದಲನೇ ಟ್ರೇ ವಾಪಸ್ ತಗೊಂಬಾ."

"ಮತ್ತೆ ಮೊದ್ಲಿಂದಾನಾ?" ತಂಬಿಗೆಯ ದನಿ ಕೀರಲಾಯಿತು. "ಆರು ಗಂಟೆ ಆಯ್ತಲ್ಲಮ್ಮ!"

"ಒಂದು ಬಿಟ್ಟ ಕಣ್ಣು ಇನ್ನೊಂದು ಬಿಟ್ಟಿಲ್ಲ ಅಂತ ನಿಮಗೆ ಹೇಳಿದ್ಯಾರು?" ದೀಪದ ಕತ್ತನ್ನು ಮೇಜಿಗೆ ತಾಗುವಷ್ಟು ಬಗ್ಗಿಸುತ್ತ ಹೇಳಿದಳು. "ನಿಮಗೆ ಕಾಣಲ್ಲ, ನನಗೆ ಇವತ್ತು ನನ್ನ ಮೇಲೇ ನಂಬಿಕೆ ಇಲ್ಲ. ಆ ಎರಡನೇ ಕೊಳವೆಗೆ ನೀವೂ ಕಣ್ಣಿಡಿ. ರೆಪ್ಪೆ ಬಡೀಬೇಡಿ."